ಒದೆಯುವ ಎಮ್ಮೆ

ಸ್ಕ್ಯಾನಿನ ಚಿತ್ರ ನೋಡಿದ ಡಾಕ್ಟರು, "ಮೇದೋಜೀರಕ ಗ್ರಂಥಿಯೊಳಗ ನೀರು ತುಂಬಿದ ಗಂಟು ಆಗೇದ. ಕುಡಿಯೋರಿಗೆ, ಪಿತ್ತದ ಹರಳು ಇದ್ದೋರಿಗೆ ಆಗ್ತದ. ಈಕಿಗೆ ಎರಡೂ ಇಲ್ಲ. ಹೊಟ್ಟಿಗೆ ಜೋರ ಪೆಟ್ಟು ಬಿದ್ದಿತ್ತೇನು?" ಎಂದರು.

ನೀಲವ್ವ ತಲೆ ತಗ್ಗಿಸಿದಳು. ಉತ್ತರ ಕೊಟ್ಟವನು ಅವಳ ಗಂಡ. "ಹಾಲು ಹಿಂಡೂವಾಗ ಎಮ್ಮಿ ಒದ್ದಿತ್ರಿ."

ಅವಳ ಅಣ್ಣ ಶಿವಪುತ್ರನ ಸಿಟ್ಟು ನೆತ್ತಿಗೇರಿತು. ತಂಗಿಗೆ ಈ ಗಂಡನನ್ನು ಹುಡುಕಿದವನೂ ಅವನೇ, ಸಾಧು ಪ್ರಾಣಿ ಎಂದು ಆ ಎಮ್ಮೆಯನ್ನು ಬಳುವಳಿ ಕೊಟ್ಟವನೂ ಅವನೇ.

"ಕೊಯ್ದು ತಗೀರಿ ಆ ಗಂಟನ್ನ!" ಎಂದು ಡಾಕ್ಟರ ಮೇಲೆಯೇ ಹರಿಹಾಯ್ದ.

"ಅವಸರ ಬ್ಯಾಡ. ತಾನ ಇಂಗಿ ಹೋಗಬಹುದು, ಆರು ವಾರ ಬಿಟ್ಟು ಮತ್ತ ನೋಡೂಣು. ಆದ್ರ ಇನ್ನೊಂದು ಒದೆ ಬಿದ್ದು ಒಡೀತಂದ್ರ ಜೀವಕ್ಕ ಅಪಾಯ."

"ಬೀಳೂದಿಲ್ರಿ!" ಶಿವಪುತ್ರ ಮೇಜು ಗುದ್ದಿ, ತಂಗಿಯ ಗಂಡನತ್ತ ತಿರುಗಿದ. "ಆ ಹಾಳಾದ ಎಮ್ಮಿನ ನಾಳೆ ಸಂತ್ಯಾಗ ಕಟುಕಗ ಕೊಟ್ಟಬಿಡು."

"ನಾಳೆ ಯಾಕ, ಇವತ್ತ ಕೊಡ್ತೀನಿ," ಎಂದ ಅವನು, ತಡಮಾಡದೆ.

ನೀಲವ್ವ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಎಮ್ಮಿನ ಕೊಡಬ್ಯಾಡಣ್ಣಾ. ನನ್ನ ಒದ್ದದ್ದು ಅದಲ್ಲ."