ಶ್ರಾವಣದ ಸಂಡಿಗೆ

ಪಡಸಾಲೆಯ ಜಮಖಾನೆಯ ಮೇಲೆ ಆಫ್ರಿಕಾದ ನಕ್ಷೆ ಹರಡಿತ್ತು. ಗಾಳಿಗೆ ಹಾರದಂತೆ ಅದರ ಮೂಲೆಗಳ ಮೇಲೆ ಸೇರು, ಪಾವು, ಅಡಕೆ ತಟ್ಟೆ, ಒಂದು ತೂಕದ ಕಲ್ಲು ಕೂತಿದ್ದವು. ದಾವಣಗೆರೆ ಮಂಡಿಪೇಟೆಯ ಕಾಳಿನ ವ್ಯಾಪಾರಿ ವಾಮದೇವಪ್ಪನವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಉತ್ತರ ರೊಡೇಷಿಯಾದ ಕಾಫೂಯೆ ಎಂಬ ದೊಡ್ಡ ರಕ್ಷಿತ ಕಾಡಿನ ಸುತ್ತ ಕೆಂಪು ಪೆನ್ಸಿಲಿನಿಂದ ಗೀಟು ಎಳೆದರು. ಆನೆಗಳ ದೊಡ್ಡ ಹಿಂಡೊಂದು ನೀರಿಗಿಳಿಯುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಹತ್ತು ವರ್ಷದ ಹಂಬಲ.

"ಸಂಕ್ರಾಂತಿ ಮುಗಿಸ್ಕಂಡು ಹೊರಡಾದೇ ಸರಿ," ಎಂದರು ಗೆಳೆಯ ಕೆಂಚವೀರಪ್ಪ, ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟವರು. "ಮಳೆಗಾಲದಾಗ ಕಾಡಿನ ದಾರಿ ಮುಚ್ತಾರಂತ ಲುಸಾಕದಿಂದ ನಿನ್ನ ಸೊಸೆ ಭಾವ ಬರ್ದಾನಲ್ಲ. ಸಂಕ್ರಾಂತಿ ಆದಮ್ಯಾಲೆ ಎಲ್ಲೀ ಮಳೆ? ಸಂಜೆ ಗಾಡಿಗೇ ಮುಂಬಯಿಗೆ ಹೋಗಿ ನಾಲ್ಕು ಹಡಗಿನ ಟಿಕೆಟ್ ಮಾಡಿಸ್ಕಂಡು ಬರ್ತೀನಿ."

ನಾಲ್ಕನೆಯ ಟಿಕೆಟ್ ಸೊಸೆ ನಿರ್ಮಲಳದು. ಗಂಡಸರಿಬ್ಬರೂ ಕಾಡು ಸುತ್ತುವಷ್ಟು ದಿನ ಅತ್ತೆ ಬಸವಣ್ಣೆಮ್ಮ ಮತ್ತು ಅವಳು ಲುಸಾಕದಲ್ಲಿ ಅವಳ ಅಕ್ಕ ನಾಗರತ್ನಳ ಮನೆಯಲ್ಲಿರುವುದೆಂದು ಮಾವನೇ ಹೇಳಿದ್ದರು; ಅವಳ ಗಂಡ ಊರಲ್ಲೇ ಉಳಿದು ಅಂಗಡಿ ನೋಡಿಕೊಳ್ಳುವವನಿದ್ದ. ಅಕ್ಕನ ಮುಖ ನೋಡಿ ಐದು ವರ್ಷವಾಗಿತ್ತು.

ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ ನಿರ್ಮಲಳ ಕೈಯಲ್ಲಿ ಬೆಳಿಗ್ಗೆ ಬಂದ ಕಾಗದವಿತ್ತು. ಮೇಲಿನ ಮುಕ್ಕಾಲು ಪಾಲು ಭಾವ ಮಾವನಿಗೆ ಬರೆದದ್ದು; ಗಂಡಸರು ಅಷ್ಟನ್ನೇ ಓದಿ ಒಳಗೆ ಕಳಿಸಿದ್ದರು. ಕೆಳಗೆ ಅಕ್ಕನ ನಾಲ್ಕು ಸಾಲು: 'ಶ್ರಾವಣದಲ್ಲಿ ವರ್ಷಕ್ಕಾಗುವಷ್ಟು ಸಂಡಿಗೆ ಹಾಕಿಕೊಂಡೆ. ಮೂರೇ ದಿನಕ್ಕೆ ಗಲಗಲ ಒಣಗಿದವು.' ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ಅದನ್ನು ಮೂರು ಸಲ ಓದಿದಳು. ಶ್ರಾವಣದಲ್ಲಿ ಯಾರಾದರೂ ಸಂಡಿಗೆ ಹಾಕುತ್ತಾರೆಯೇ? ಇಲ್ಲಿ ಹಾಕಿದರೆ ಬೂಸಲು ಹಿಡಿಯುತ್ತದೆ. ಹಳೆಯ ಕಾಗದಗಳ ಗಂಟು ಬಿಚ್ಚಿ ಹೋದ ಸಂಕ್ರಾಂತಿಯದನ್ನು ಹುಡುಕಿದಳು. 'ಎಳ್ಳುಬೆಲ್ಲ ಕೊಡಲು ಕೊಡೆ ಹಿಡಿದು ಹೋದೆ. ಹದಿನೈದು ದಿನದಿಂದ ಬಿಸಿಲಿಲ್ಲ' ಎಂದಿತ್ತು.

ನಮ್ಮ ಬಿಸಿಲು ಅವರ ಮಳೆ. ಈಗ ಟಿಕೆಟ್ ಮಾಡಿಸಿದರೆ ಮಾವನಿಗೆ ಕಾಡಿನ ದಾರಿ ಮುಚ್ಚಿರುತ್ತದೆ. ಅಕ್ಕನ ಮನೆಯ ದಾರಿಯೇನೂ ಮುಚ್ಚಿರುವುದಿಲ್ಲ. ಸುಮ್ಮನಿದ್ದರೆ ಎರಡೇ ತಿಂಗಳಲ್ಲಿ ಹಡಗು. ಬಾಯಿಬಿಟ್ಟರೆ ಶ್ರಾವಣಕ್ಕೆ ಕಾಯಬೇಕು. ಆದರೆ ಶ್ರಾವಣದಲ್ಲಿ ಮಾವ ಸೋಮವಾರದ ಗುಡಿ ಬಿಟ್ಟು ದೂರ ಹೋದವರೇ ಅಲ್ಲ. ಹೊರಡುವುದೇ ನಿಂತುಹೋಗಬಹುದು.

ಮಾವ ನಕ್ಷೆಯ ಮೇಲೆ ಬಗ್ಗಿ, ನದಿಯ ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಅವಳು ತಡೆಯಲಾಗದೆ ಒಲೆಯ ಮುಂದಿದ್ದ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಸಂಕ್ರಾಂತಿ ಹೊತ್ತಿಗೆ ಅಲ್ಲಿ ಮಳೆಗಾಲ ಅಂತ ಮಾವಾರಿಗೆ ಹೇಳ್ರಿ."

"ನಾ ಹೇಳಿದ್ರೆ ಹೆಂಗೆ ಗೊತ್ತು ಅಂತಾರೆ. ಅದಕ್ಕೇನು ಹೇಳ್ಲಿ? ನೀನೇ ಹೇಳು ನಡಿ," ಎಂದು ಬಸವಣ್ಣೆಮ್ಮ ಅವಳ ರಟ್ಟೆ ಹಿಡಿದು ಹೊಸ್ತಿಲು ದಾಟಿಸಿಯೇಬಿಟ್ಟರು.

ನಿರ್ಮಲ ಎರಡೂ ಕಾಗದಗಳನ್ನು ಮುಂದೆ ಚಾಚಿ, ಅಕ್ಕನ ಸಾಲುಗಳನ್ನು ಬೆರಳಿಟ್ಟು ತೋರಿಸಿದಳು. ವಾಮದೇವಪ್ಪ ಓದಿದರು. ಕೆಂಚವೀರಪ್ಪ ಇಣುಕಿ ನಕ್ಕರು. "ಏನಪಾ, ಸಂಡಿಗೆ ನೋಡಿ ಹಡಗು ನಿಲ್ಸಾದಾ?"

"ಸಂಡಿಗೆ ಸುಳ್ಳು ಹೇಳಲ್ಲೋ ಮಾರಾಯ," ಎಂದರು ವಾಮದೇವಪ್ಪ. "ಮಳೆ ಯಾವಾಗ ಅಂತ ನಾವು ಕೇಳ್ಲೇ ಇಲ್ಲ ನೋಡು. ಪಂಚಾಂಗ ನೋಡಿದ್ವಿ, ಅದೂ ನಮ್ದು."

"ಹಂಗಾರೆ ಶ್ರಾವಣದಾಗೇ ಹೋಗ್ಬೇಕು. ಇಪ್ಪತ್ತು ವರ್ಷದಾಗ ಶ್ರಾವಣದ ಒಂದು ಸೋಮವಾರನಾದ್ರೂ ಒಪ್ಪತ್ತು ಮಾಡಿ ಉಕ್ಕಡಗಾತ್ರಿ ಗುಡಿಗೆ ಹೋಗದಂಗೆ ಇದ್ದೀಯೇನು ನೀನು? ಬಿಡು, ಆನೆ ಆಸೆ ಇಲ್ಲಿಗೆ ಮುಗೀತು."

ನಿರ್ಮಲ ಕಾಗದಗಳನ್ನು ಹಿಂದಕ್ಕೆ ತೆಗೆದುಕೊಂಡು ಮಡಿಸತೊಡಗಿದಳು. ವಾಮದೇವಪ್ಪ ಕನ್ನಡಕ ತೆಗೆದು ನಕ್ಷೆಯ ಮೇಲಿಟ್ಟರು. ಅವರ ಕೈ ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯನ್ನು ತಡವಿತು.

"ಲಿಂಗ ಎದೆ ಮ್ಯಾಲೆ ಐತೆ," ಎಂದರು. "ಸೋಮವಾರನೂ ನಮ್ ಜೊತಿಗೇ ಹಡಗು ಹತ್ತಲಿ. ಶ್ರಾವಣಕ್ಕೇ ಮಾಡ್ಸು, ನಾಲ್ಕೂ."

"ಸೋಮವಾರ ಆನೆಗೂ ಒಪ್ಪತ್ತೇನ್ರಿ?" ಎಂದರು ಒಳಗಿಂದ ಬಸವಣ್ಣೆಮ್ಮ.

ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಮಾವನ ಎದುರಿಗೆ, ಬಾಯಿಗೆ ಸೆರಗು ಹಿಡಿಯುವುದನ್ನು ಮರೆತು ನಿರ್ಮಲ ನಕ್ಕಳು.