ನೇರಳೆ ಬಟ್ಟೆ ಹೊದ್ದ ಕೀಬೋರ್ಡ್

ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ಕಳಕ್ಕೂಟಂ ಚರ್ಚಿನ ಆ ಮಧ್ಯಾಹ್ನ ನೆನಪಾಗುತ್ತದೆ. ಮೈಸೂರಿನಿಂದ ಅಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ಅಮ್ಮ ಗಾಯನವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಮಲಯಾಳಂಗೆ ಹೆದರಿ ಹಾಡುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಲ್ಯಾಟಿನ್ ಹಾಡುಗಳಿಗೆ ವಾದ್ಯ ಕೂಡದು. ಹಾಡು ಕಲಿಸುವ ಮಾಸ್ಟರು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದ ನೇರಳೆ ಬಟ್ಟೆ ಕೊಡವಿ ಕೀಬೋರ್ಡಿಗೆ ಹೊದಿಸಿದರು. ಇನ್ನು ತನಗೇನು ಕೆಲಸವೆಂದು ಅಮ್ಮ ಚೀಲ ಹೆಗಲಿಗೇರಿಸಿದಳು.

"ಚೇಚಿ ಎಂಗೋಟ್ಟಾ? ಚೇಚಿಯುಂ ಪಾಡಣಂ. ಲ್ಯಾಟಿನ್ ಇವಿಡೆ ಆರ್ಕುಂ ಅರಿಯಿಲ್ಲ," ಎಂದರು ಮಾಸ್ಟರು.

ನಾನು ಎಂದಿನಂತೆ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ: "ಅಕ್ಕ ಎಲ್ಲಿಗೆ ಹೊರಟ್ರಿ ಅಂತಿದಾರೆ. ನೀನೂ ಹಾಡ್ಬೇಕಂತೆ. ಲ್ಯಾಟಿನ್ ಇಲ್ಲಿ ಯಾರಿಗೂ ಬರಲ್ವಂತೆ."

ಅಮ್ಮ ನಕ್ಕು ಚೀಲ ಕೆಳಗಿಟ್ಟು ಎಲ್ಲರೊಂದಿಗೆ ಹಾಡಿದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ.

ಶ್ರೀಕಾರ್ಯಂನ ಮನೆಗೆ ವಾಪಸು ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಟಿಕೆಟ್ ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮನೇ ಮಲಯಾಳಂನಲ್ಲಿ ಗಟ್ಟಿಯಾಗಿ ಹೇಳಿದಳು: "ಶ್ರೀಕಾರ್ಯಂ, ರಂಡು ಟಿಕೆಟ್."