ಏಳನೇ ನಂಬರಿನ ರಕ್ತ

ಅಮ್ಮನನ್ನೂ ಅಕ್ಕನನ್ನೂ ಸ್ತನ ಕ್ಯಾನ್ಸರ್ ಕೊಂಡೊಯ್ದ ಮೇಲೆ ಡಾ. ಅಂಬುಜಾಕ್ಷಿ ಆ ಕಾಯಿಲೆಯ ವಂಶವಾಹಿಯ ಬೆನ್ನು ಹತ್ತಿದರು. ಮೂವತ್ತು ವರ್ಷ ಊರೂರಿನ ಮನೆತನಗಳ ರಕ್ತ ಪರೀಕ್ಷಿಸಿದರು. "ತಾಯಿಗಿದ್ದ ದೋಷ ಮಗಳಿಗೆ ಬಂದೇ ಬರತ್ತೆ ಅಂತೇನಿಲ್ಲ, ಹೆದರದೆ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದು ಎಷ್ಟೋ ಹೆಣ್ಣುಮಕ್ಕಳಿಗೆ ಧೈರ್ಯ ಹೇಳಿದರು. ತಾವು ಮಾತ್ರ ಮಾಡಿಸಿಕೊಳ್ಳಲಿಲ್ಲ. ಹುಟ್ಟುವ ಮಗುವಿಗೂ ಇದು ದಾಟೀತೆಂದು, ಮದುವೆಯಾಗೋಣ ಎಂದು ಕೇಳಿದವನಿಗೆ ಬೇಡವೆಂದರು. ಎರಡು ವರ್ಷ ಕಾದು ಅವನು ಬೇರೆಯವಳನ್ನು ಮದುವೆಯಾದ. ಆಮೇಲೆ ಅಂಬುಜಾಕ್ಷಿಯವರ ಮನೆಯಲ್ಲಿ ಎರಡನೇ ತಟ್ಟೆ ಹಾಕಿದ್ದೇ ಇಲ್ಲ.

ನಿವೃತ್ತಿಯ ದಿನ ಪ್ರಯೋಗಾಲಯದ ಹಳೆಯ ಟೆಕ್ನಿಷಿಯನ್ ಮಾದಪ್ಪ, ಬೀಳ್ಕೊಡುಗೆಯಲ್ಲಿ ಅಂಬುಜಾಕ್ಷಿಯವರಿಗೆ ಹಾಕಿದ್ದ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಅವರ ಕೋಣೆಗೆ ಬಂದರು.

"ಮೇಡಂ, ಒಂದು ತಪ್ಪು ಒಪ್ಕೋಬೇಕು. ನಮ್ಮ ಏಳನೇ ನಂಬರ್ ಸ್ಯಾಂಪಲ್ ಇದೆಯಲ್ಲ..."

ಯಾವ ರೋಗಿಯ ರಕ್ತ ಬಂದರೂ ಹೋಲಿಸಿ ನೋಡುತ್ತಿದ್ದುದು ಅದರ ಜೊತೆಗೇ. ಹೆಸರು ಬರೆಯದ, ಆರೋಗ್ಯವಂತರೊಬ್ಬರ ರಕ್ತ.

"ಅದಕ್ಕೇನು? ಅದರಲ್ಲಿ ಒಂದು ಚೂರೂ ದೋಷ ಇಲ್ಲ. ಮೂವತ್ತು ವರ್ಷದಿಂದ ನಾನೇ ನೋಡ್ತಾ ಇದೀನಿ."

"ಕೊಡ್ತೀನಿ ಅಂದೋರು ಅವತ್ತು ಬರ್ಲೇ ಇಲ್ಲ ಮೇಡಂ. ದೊಡ್ಡ ಸಾಹೇಬ್ರು ಬೈತಾರೆ ಅಂತ ಹೆದರಿ, ಕೈಗೆ ಸಿಕ್ಕಿದ್ದನ್ನ ಇಟ್ಬಿಟ್ಟೆ."

"ಮತ್ತೆ ಯಾರದು ಅದು?"

ಮಾದಪ್ಪ ತಲೆ ತಗ್ಗಿಸಿದರು.

"ನೀವು ಕೆಲಸಕ್ಕೆ ಸೇರಿದ ದಿನ, ಮೆಡಿಕಲ್ ಚೆಕಪ್‌ಗೆ ಅಂತ ನಿಮ್ಮ ಕೈಯಿಂದ ತೆಗೆದಿದ್ನಲ್ಲ, ಆ ರಕ್ತ."